ಎಂಜಿನ್ನಿನೊಳಗೆ ಇಣುಕದ ಅಧಿಕಾರಿಗೆ

ಮಾನ್ಯ ವಾಹನ ತಪಾಸಣಾಧಿಕಾರಿಗಳೇ,

‘ಸುಸ್ಥಿತಿಯಲ್ಲಿದೆ’ ಎಂದು ನೀವು ಠಸ್ಸೆ ಒತ್ತಿ ಕಳಿಸಿದ ಕಾರು ನನ್ನ ಅಕ್ಕನನ್ನು ಹಳ್ಳಕ್ಕೆ ಕೆಡವಿತು. ಈಗ ಅದೇ ಕೈಯಿಂದ ‘ಚಾಲಕಿಯ ಅಜಾಗರೂಕತೆ’ ಎಂದು ಷರಾ ಬರೆದು ಅವಳ ಲೈಸೆನ್ಸನ್ನೂ ಕಿತ್ತುಕೊಂಡಿದ್ದೀರಿ. ನಿಮ್ಮ ಕೈಚಳಕ ಮೆಚ್ಚಬೇಕಾದದ್ದೇ.

ಅಕ್ಕ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸ್. ಆ ಓಡಾಟಕ್ಕೆಂದೇ ಹಳೆಯ ಸಣ್ಣ ಡೀಸೆಲ್ ಕಾರೊಂದನ್ನು, ನಿಮ್ಮ ತಪಾಸಣೆಯನ್ನು ನಂಬಿ, ಕೊಂಡಳು. “ಸಣ್ಣ ಎಂಜಿನ್ನು, ಆದ್ರೂ ಎಂಥ ಎಳೆತ ನೋಡೋ. ಡೀಸೆಲ್ಲೂ ಕಮ್ಮಿ ಕುಡಿಯುತ್ತೆ” ಎಂದು ಹಿಗ್ಗುತ್ತಿದ್ದಳು. ಆ ಎಳೆತದ ಗುಟ್ಟು ಅವಳಿಗೆ ಗೊತ್ತಿರಲಿಲ್ಲ. ಹಿಂದಿನ ಮಾಲೀಕ ಚಿಪ್ ಟ್ಯೂನಿಂಗ್ ಮಾಡಿಸಿದ್ದ. ಎಂದರೆ, ಎಂಜಿನ್ನನ್ನು ಆಳುವ ಕಂಪ್ಯೂಟರಿನ ಲೆಕ್ಕವನ್ನೇ ತಿದ್ದಿಸಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ತಾಳಲಾರದಷ್ಟು ಒತ್ತಡ ಹೇರಿಸಿದ್ದ. ಈ ವಿದ್ಯೆಯ ಮೇಲೆ ನನಗೆ ಹಗೆಯಿಲ್ಲ. ಹದವರಿತು ಮಾಡಿದರೆ ವೇಗವೂ ಉಂಟು, ಮೈಲೇಜೂ ಉಂಟಂತೆ. ಆದರೆ ಹದ ತಪ್ಪಿದೆಯೇ ಎಂದು ನೋಡಬೇಕಾದವರು ಯಾರು? ಅದಕ್ಕಲ್ಲವೇ ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿರುವುದು?

ಏರುರಸ್ತೆಯಲ್ಲಿ ಹಾಲಿನ ಟ್ಯಾಂಕರನ್ನು ಹಿಂದಿಕ್ಕುತ್ತಿರುವಾಗಲೇ ಟರ್ಬೊ ಕೈಕೊಟ್ಟಿತು. ಕಾರು ಉಸಿರು ಕಟ್ಟಿದಂತೆ ತೆವಳತೊಡಗಿತು. ಎದುರಿಗೆ ಜನ ತುಂಬಿದ ಬಸ್ಸು. ಅಕ್ಕ ಸ್ಟೀರಿಂಗನ್ನು ರಸ್ತೆಯಾಚೆಗೆ ತಿರುಗಿಸಿಬಿಟ್ಟಳು. ಬಸ್ಸಿನಲ್ಲಿದ್ದವರಿಗೆ ಒಂದು ಗೀರೂ ಆಗಲಿಲ್ಲ. ಅವಳ ಭುಜ ಮುರಿಯಿತು.

ಗ್ಯಾರೇಜಿನಲ್ಲಿ ಕಾರಿನ ಕಂಪ್ಯೂಟರನ್ನು ಓದಿಸಿದಾಗ ವಿಷಯ ಹೊರಬಿತ್ತು. ನಿಮ್ಮ ಮುಂದೆ ಬಂದು ನಿಂತೆ. ಕತ್ತೆತ್ತದೆ ಹೇಳಿದಿರಿ: “ನಾವು ನೋಡೋದು ಹಾರ್ನು, ಲೈಟು, ಟೈರು. ಒಳಗೆ ಯಾರು ಏನು ತಿದ್ದಿದಾರೆ ಅಂತ ನಮಗೆ ಹೇಗ್ರಿ ಗೊತ್ತಾಗುತ್ತೆ?”

“ಗೊತ್ತಿಲ್ಲದ ಮೇಲೆ ತಪ್ಪು ಅವಳದ್ದು ಅಂತ ಹೇಗೆ ಬರೆದ್ರಿ ಸಾರ್?”

“ಯಾರದ್ದಾದ್ರೂ ಅಂತ ಬರೀಬೇಕಲ್ಲ.”

ಅದೆಷ್ಟು ಸಲೀಸಾಗಿ ಅಂದಿರಿ. ಭುಜವೇನೋ ಕೂಡಿಕೊಳ್ಳುತ್ತಿದೆ. ಆದರೆ ನಿಮ್ಮ ಷರಾ ಓದಿದಂದಿನಿಂದ ಅಕ್ಕ ಮಂಕಾಗಿದ್ದಾಳೆ. “ಅಷ್ಟು ದೊಡ್ಡ ಆಫೀಸಿನವರು ಸುಮ್ನೆ ಬರೀತಾರೇನೋ? ನನ್ನದೇ ಏನೋ ಎಡವಟ್ಟಾಗಿರ್ಬೇಕು” ಎನ್ನುತ್ತಾಳೆ. ಒಂದು ಬಸ್ಸಿನ ಜನರನ್ನು ಉಳಿಸಿದವಳು ಈಗ ಬಸ್ಸಿನ ಸದ್ದು ಕೇಳಿದರೆ ಕಿಟಕಿ ಮುಚ್ಚುತ್ತಾಳೆ.

ಇನ್ನು ಮುಂದೆ ಕಂಪ್ಯೂಟರನ್ನು ಓದಿಸದೆ ಒಂದು ಕಾರಿಗೂ ಠಸ್ಸೆ ಒತ್ತಬೇಡಿ. ಆ ಷರಾ ಹೊಡೆದುಹಾಕಿ. ಲೈಸೆನ್ಸನ್ನು ಮಾತ್ರ ಅಂಚೆಯಲ್ಲಿ ಕಳಿಸಬೇಡಿ. ನೀವೇ ತಂದು, ಅವಳೆದುರು ಕೂತು, ‘ತಪ್ಪು ನಿಮ್ಮದಲ್ಲಮ್ಮ’ ಎಂದು ಬಾಯಿಬಿಟ್ಟು ಹೇಳಿ. ನಾನು ಹೇಳಿದರೆ ಅವಳು ನಂಬುತ್ತಿಲ್ಲ.

ಇಂತಿ ತಮ್ಮ,
ಅಂದರೆ ನಿಮ್ಮವನಲ್ಲ, ಅವಳ ತಮ್ಮ