ಮೂವತ್ತಾರು ಹೆಜ್ಜೆ

ಹೇಸ್ಟಿಂಗ್ಸ್, ನ್ಯೂಜಿಲೆಂಡ್
ಮಾರ್ಚ್ ೧೯, ಸೋಮವಾರ

ಪ್ರೀತಿಯ ಲಾಕ್ಲನ್‌ಗೆ,

ಹನ್ನೊಂದು ವರ್ಷ ಹೀಗೆಯೇ ಬರೆದ ಕೈ, ಅಭ್ಯಾಸ ಬಿಡಲಿಲ್ಲ. ‘ಪ್ರೀತಿಯ’ ಎಂಬುದನ್ನು ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಶನಿವಾರದ ಕುದುರೆ ಜಿಗಿತದ ಸ್ಪರ್ಧೆಗೆ ಕೋರ್ಸ್ ಕಟ್ಟಿದ ನಾನು ತಡೆಗಳ ನಡುವಿನ ಅಂತರದಲ್ಲಿ ಮೋಸ ಮಾಡಿದೆನೆಂದು ನೀನು ಸಮಿತಿಗೆ ಕೊಟ್ಟ ದೂರಿನ ಪ್ರತಿ ನನಗೂ ಬಂತು. ಎರಡು ಸಲ ಓದಿದೆ. ಎರಡನೇ ಸಲ ಟೀ ಮಾಡಿಕೊಂಡು, ಬಿಸ್ಕತ್ತು ಇಟ್ಟುಕೊಂಡು ಓದಿದೆ. ಮದುವೆಗೆ ಮುಂಚೆಯೂ ನೀನು ನನಗೆ ಇಷ್ಟು ಸಂತೋಷದ ಕಾಗದ ಬರೆದಿರಲಿಲ್ಲ.

ಮೋಸ ಎಲ್ಲಿದೆ, ಹೇಳು? ನೀನು ಕೂಗಾಡಿದ ತಕ್ಷಣ ಸಮಿತಿಯ ಮುದುಕ ಹೇಮಿ ಎಲ್ಲರ ಎದುರಿಗೇ ಟೇಪು ಹಿಡಿದು ಅಳೆದ. ಕೊನೆಯ ಎರಡು ತಡೆಗಳ ನಡುವೆ ಮೂವತ್ತೆರಡು ಮೀಟರ್ ನಲವತ್ತು ಸೆಂಟಿಮೀಟರ್. ನಾನು ಸಮಿತಿಗೆ ಕೊಟ್ಟ ನಕ್ಷೆಯಲ್ಲಿದ್ದದ್ದೂ ಅಷ್ಟೇ. “ನೋಡಪ್ಪಾ ದೊರೆ, ಟೇಪಿಗೆ ಯಾರ ಮೇಲೂ ಸಿಟ್ಟಿರಲ್ಲ” ಎಂದ ಅವನು. ಜನ ನಕ್ಕರು. ನಾನು ನಗಲಿಲ್ಲ, ಮನೆಗೆ ಬಂದು ನಕ್ಕೆ.

ಈಗ ನಿಜ ಹೇಳುತ್ತೇನೆ. ಟೌಪೋದಲ್ಲಿ ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ನಿನ್ನ ಎಡಗಾಲು ಗಿಡ್ಡ ಹೆಜ್ಜೆ ಇಡುತ್ತದೆ. ಸ್ಪರ್ಧೆಗೆ ಮುಂಚೆ ಎಲ್ಲ ಸವಾರರೂ ಕೋರ್ಸಿನಲ್ಲಿ ನಡೆದು ಅಂತರ ಎಣಿಸುತ್ತಾರೆ, ಕುದುರೆಯ ಒಂದು ದಾಪುಗಾಲಿಗೆ ನಮ್ಮ ನಾಲ್ಕು ಹೆಜ್ಜೆ. ಪೆಟ್ಟಾದ ಮೇಲೆ ನಿನ್ನ ಲೆಕ್ಕ ಒಂದು ದಿನವೂ ಸರಿ ಬರಲಿಲ್ಲ. ಪ್ರತಿ ಸಲ ಪಕ್ಕದಲ್ಲಿ ನಡೆದು, ಪಿಸುಮಾತಿನಲ್ಲಿ ಎಣಿಸಿದವಳು ನಾನು. ಟಿ.ವಿ.ಯವರು ಅದನ್ನು ‘ಲಾಕ್ಲನ್‌ನ ದೈವದತ್ತ ಕಣ್ಣು’ ಎಂದರು. ನೀನೂ ಹೌದೆಂದೆ.

ಹೋಗಲಿ ಎನ್ನಬಹುದಿತ್ತು. ಆದರೆ ತಾಯಿ ಸತ್ತ ಕುದುರೆಮರಿಯನ್ನು, ಎರಡು ಗಂಟೆಗೊಮ್ಮೆ ಬಾಟಲಿ ಹಾಲು ಕುಡಿಸಿ ನಾನು ಬದುಕಿಸಿದ ಮಾನುಕಳನ್ನು ನೀನು ಪಿಪ್ಪಾಗೆ ಮಾರಿದೆ. ಕುದುರೆಯ ಹಿಂದೆಯೇ ನೀನೂ ಅವಳ ಮನೆ ಸೇರಿದೆ. ಆಮೇಲೆ ಪತ್ರಿಕೆಯವನೊಬ್ಬ ನನ್ನ ವಿಷಯ ಕೇಳಿದರೆ, “ಮೊರಾಗ್‌ನಾ? ಲಾಯದಲ್ಲಿ ಬಕೀಟು ಗಿಕೀಟು ಎತ್ತಿಡ್ತಿದ್ಲು, ಪಾಪ” ಎಂದೆ. ಆ ‘ಪಾಪ’ ನನ್ನ ಹೊಟ್ಟೆಯಲ್ಲಿ ನಾಲ್ಕು ವರ್ಷ ಉರಿದಿದೆ. ಉರಿಯುತ್ತಲೇ ಕೋರ್ಸ್ ಕಟ್ಟುವ ಪರೀಕ್ಷೆಗಳನ್ನೆಲ್ಲ ಬರೆದು ಪಾಸಾದೆ.

ನಾನು ನಿನ್ನ ಮಾಜಿ ಹೆಂಡತಿ ಎಂದು ಸಮಿತಿಗೆ ಮೊದಲೇ ತಿಳಿಸಿದ್ದೆ. ನಿನ್ನ ಒಪ್ಪಿಗೆ ಕೇಳಿದರು. “ಅವಳು ಕಟ್ಟಿದ್ರೆ ನನಗೇನ್ರೀ ಆಗುತ್ತೆ, ಹೂವಿನ ಕುಂಡ ಚೆನ್ನಾಗಿ ಜೋಡಿಸ್ತಾಳೆ ಅಷ್ಟೇ” ಎಂದು ನಗುತ್ತಾ ಸಹಿ ಹಾಕಿದೆಯಂತೆ. ಹೇಮಿ ಬಂದು ಹೇಳಿದ. ಅದೇ ಸಂಜೆ ನಕ್ಷೆ ಬರೆಯಲು ಕುಳಿತೆ.

ಹತ್ತಿರದ ತಡೆಗಳಲ್ಲಿ ನಿನ್ನ ಗಿಡ್ಡ ಹೆಜ್ಜೆ ಗೊತ್ತಾಗುವುದಿಲ್ಲ, ದೂರದವನ್ನು ಈ ನಾಲ್ಕು ವರ್ಷ ನೀನು ಬೇರೆ ಸವಾರರನ್ನು ನೋಡಿ ದಾಟಿದೆ. ಅದಕ್ಕೇ ಕೊನೆಯ ತಡೆಯನ್ನು ದೂರವಿಟ್ಟೆ. ಸರಿಯಾದ ಕಾಲಿಗೆ ಮೂವತ್ತಾರು ಹೆಜ್ಜೆ, ಇಳಿಯುವುದಕ್ಕೂ ನೆಗೆಯುವುದಕ್ಕೂ ನಾಲ್ಕು ಕಳೆದರೆ ಕುದುರೆಗೆ ಎಂಟು ದಾಪುಗಾಲು. ನಿನಗೆ ಅದು ಮೂವತ್ತೆಂಟಾಗುತ್ತದೆಂದು ನನಗೆ ಗೊತ್ತಿತ್ತು. ಚೀಟಿಯಲ್ಲಿ ನಿನಗೆ ಮೊದಲ ಸರದಿ ಬಂದದ್ದು ಮಾತ್ರ ದೇವರ ಕೆಲಸ, ಬೇರೆಯವರನ್ನು ನೋಡಿ ತಿದ್ದಿಕೊಳ್ಳಲೂ ಆಗಲಿಲ್ಲ. ಬೆಳಿಗ್ಗೆ ನೀನು ಎಣಿಸಿ ಮುಗಿಸಿ, ಯಾರೋ ಇದ್ದಾರೆಂಬಂತೆ ಪಕ್ಕಕ್ಕೆ ತಿರುಗಿ ನೋಡಿದೆ. ನಾನು ಗೇಟಿನ ಬಳಿಯೇ ನಿಂತಿದ್ದೆ. ಆ ಒಂದು ಕ್ಷಣ ತುಟಿಯೊಳಗೇ ‘ಮೂವತ್ತಾರು’ ಎಂದದ್ದು ನಿಜ.

ಆಮೇಲೆ ನೀನು ದೂರ ಹೆಚ್ಚಿದೆಯೆಂದು ನಂಬಿ ಮಾನುಕಳನ್ನು ಅಟ್ಟಿದೆ. ಅವಳು ತಡೆಗೆ ತೀರಾ ಹತ್ತಿರ ಬಂದು, ಮುಂಗಾಲು ತಾಗಿ, ಮೇಲಿನ ಕೋಲು ಬಿತ್ತು. ಅವಳಿಗೆ ತರಚಿದ ಗಾಯವೂ ಆಗಿಲ್ಲ, ಸಂಜೆ ಹೋಗಿ ಕಾಲು ಸವರಿ ನೋಡಿದೆ. ಯುರೋಪಿಗೆ ಹೋಗುವ ತಂಡದಲ್ಲಿ ಉಳಿದಿದ್ದ ಒಂದೇ ಜಾಗ ಒಂದು ಕೋಲೂ ಬೀಳಿಸದ ಆರೊಹಾಳ ಪಾಲಾಯಿತು. ಆ ಹುಡುಗಿ ಏರಿದ್ದು ಹದಿನೇಳು ವರ್ಷದ ಮುದಿ ಕುದುರೆ.

ದೂರನ್ನು ಮುಂದುವರಿಸು, ಬೇಡ ಎನ್ನುವುದಿಲ್ಲ. ವಿಚಾರಣೆಯಲ್ಲಿ ನಿಂತು, “ನನಗೆ ಹೆಜ್ಜೆ ಎಣಿಸೋಕೆ ಬರಲ್ಲ, ಆವಾಗೆಲ್ಲ ಹೆಂಡತಿ ಎಣಿಸ್ತಿದ್ಲು” ಎಂದು ಬಾಯಿಬಿಟ್ಟು ಹೇಳು. ನಾನೂ ಎದ್ದು ನಿಂತು ಹೌದೆನ್ನುತ್ತೇನೆ. ಆ ಮಾತು ನಿನ್ನ ಬಾಯಿಂದಲೇ ಬರಲಿ ಎಂದು ನಾನು ಯಾರಿಗೂ ಹೇಳಿಲ್ಲ.

ಇಂತಿ,
ಬಕೀಟು ಎತ್ತಿಡುತ್ತಿದ್ದ
ಮೊರಾಗ್

ತಾ.ಕ.: ಇವತ್ತು ಬುಧವಾರ. ಯಾರಿಗೂ ಹೇಳಿಲ್ಲ ಎಂದು ಬರೆದದ್ದು ಸೋಮವಾರದ ಮಟ್ಟಿಗೆ ನಿಜ. ನಿನ್ನೆ ತಡೆಯಲಾರದೆ ಪಿಪ್ಪಾಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು “ಹಾಗಾದ್ರೆ ನಾನು ಕಟ್ಕೊಂಡಿದ್ದು ಅರ್ಧ ಸವಾರನ್ನ” ಎಂದಳು. ಬರುವ ತಿಂಗಳು ಮಾನುಕಳನ್ನು ಆರೊಹಾಳ ಜೊತೆ ಯುರೋಪಿಗೆ ಕಳಿಸುತ್ತಾಳಂತೆ. ನಿನಗೆ ಇನ್ನೂ ಹೇಳಿಲ್ಲವಂತೆ, ಹೇಳುವ ಧೈರ್ಯ ಬರಲಿಲ್ಲವಂತೆ. ಹೆಜ್ಜೆ ಎಣಿಸಲು ನಾನೂ ಜೊತೆಗೆ ಹೊರಟಿದ್ದೇನೆ.