ಚಂದ್ರಾ ಲೇಔಟ್‌ನಿಂದ ಬಂದ ಎರಡು ಕರೆ

ಜೂನ್ 6, ಶುಕ್ರವಾರ. ಮಧ್ಯಾಹ್ನ ಎರಡು ಗಂಟೆ

ತಿಂಗಳ ಮೊದಲ ಶುಕ್ರವಾರ. ಹಾಸಿಗೆ ಹಿಡಿದವರ ಮನೆಗೆ ಪರಮ ಪ್ರಸಾದ ಕೊಂಡೊಯ್ಯುವ ದಿನ. ಒಂಬತ್ತು ಮನೆ. ಅದರಲ್ಲಿ ಆರಕ್ಕೆ ಲಿಫ್ಟ್ ಇಲ್ಲ. ಐವತ್ತೇಳು ವರ್ಷದ ಮಂಡಿಗೆ ಇದು ಹೇಗೆ ಗೊತ್ತಾಗಬೇಕೋ ಹಾಗೆ ಗೊತ್ತಾಯಿತು.

ಪ್ರಸಾದ ಕೊಡುವುದಕ್ಕೆ ಎರಡು ನಿಮಿಷ, ಸೆಲ್ಫಿಗೆ ಐದು. 'ಫಾದರ್, ನಮ್ಮ ಮೊಮ್ಮಗಳು ನಿಮ್ಮ ಹಾಡಿಗೆ ರೀಲ್ಸ್ ಮಾಡಿದಾಳೆ, ನೋಡಿ.' ನೋಡಿದೆ. ನಕ್ಕೆ. ಮುಂದಿನ ಮನೆಯಲ್ಲೂ ನೋಡಿದೆ, ನಕ್ಕೆ.

ಕೊನೆಗೆ ಚಂದ್ರಾ ಲೇಔಟ್, ಲೂರ್ದಮ್ಮನವರ ಮನೆ. ಎಂಬತ್ತೊಂದು ವಯಸ್ಸು, ಹಾರ್ಟ್ ವೀಕು. ಮಗಳು ಜಸಿಂತಾ ನಾಗರಬಾವಿಯಲ್ಲಿ ಟೀಚರ್, ಸ್ಕೂಲಿಗೆ ಹೋಗಿದ್ದಳು. ಪಕ್ಕದ ಮನೆ ಸತ್ಯವತಿಯವರು ಬಾಗಿಲು ತೆಗೆದರು. ಹಣೆತುಂಬ ಕುಂಕುಮ, ಕೈಯಲ್ಲಿ ಲೂರ್ದಮ್ಮನ ಮಾತ್ರೆ ಡಬ್ಬಿ. ಜಪಸರ ಯಾವ ದಿಂಬಿನ ಕೆಳಗಿದೆ ಎಂಬುದು ಮಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಲೂರ್ದಮ್ಮ ನಲವತ್ತು ವರ್ಷ ಚರ್ಚಿನಲ್ಲಿ ಹಾಡು ಎತ್ತಿಕೊಟ್ಟವರು. ನನ್ನ ಹಾಡು ಕಂಡರೆ ಅಷ್ಟಕ್ಕಷ್ಟೆ.

'ನಿಮ್ಮ ಹಾಡು ಕೇಳಿದ್ರೆ ಮಂಡಿ ಊರಬೇಕೋ ಕುಣೀಬೇಕೋ ಗೊತ್ತಾಗಲ್ಲ ಫಾದರ್.'

'ಎರಡೂ ಮಾಡಿ, ಲೂರ್ದಮ್ಮ.'

'ಎರಡಕ್ಕೂ ಮಂಡಿ ಬೇಕಲ್ಲ ಸ್ವಾಮಿ!'

ಈ ವಾರದಲ್ಲಿ ನಿಜವಾಗಿ ನಕ್ಕಿದ್ದು ಅಲ್ಲಿ ಮಾತ್ರ.

ಜೂನ್ 10, ಮಂಗಳವಾರ

ಇವತ್ತು ಮೂವತ್ತೆಂಟು ಕಾಲ್. ಇಪ್ಪತ್ತೊಂಬತ್ತು ಗೊತ್ತಿಲ್ಲದ ನಂಬರು. ಬರ್ತ್‌ಡೇ ವಿಷ್ ವಿಡಿಯೋ ಬೇಕು, ಅಂಗಡಿ ಓಪನಿಂಗಿಗೆ ಎರಡು ಲೈನ್ ಹಾಡಬೇಕು, ಮದುವೆಯಲ್ಲಿ 'ಸರ್‌ಪ್ರೈಸ್ ಎಂಟ್ರಿ' ಕೊಡಬೇಕು... ನಂದಿನಿ ಲೇಔಟಿನ ಒಬ್ಬ ಪುಣ್ಯಾತ್ಮನಿಗೆ ಅವನ ನಾಯಿಯ ಹುಟ್ಟುಹಬ್ಬಕ್ಕೆ ಆಶೀರ್ವಾದ ಬೇಕಂತೆ. ನಾಯಿ ಹೆಸರು ರಾಕಿ. ಮಾಡಿ ಕಳಿಸಿದೆ. ರಾಕಿ ನೂರು ಕಾಲ ಬಾಳಲಿ.

ಹಾಡಿದರೆ ಜನ ಬರುತ್ತಾರೆ ಎಂದು ಗಿಟಾರ್ ಹಿಡಿದದ್ದು, ಇಪ್ಪತ್ತೆಂಟು ವರ್ಷದ ಹಿಂದೆ. ಬಂದರು. ಈಗ ಹೋಗುತ್ತಿಲ್ಲ.

ಅಡುಗೆಯ ಅಣ್ಣಮ್ಮ ಸಾರು ಬಡಿಸುತ್ತಾ ರೇಗಿದಳು. 'ಉಣ್ಣುವಾಗ್ಲಾದ್ರೂ ಆ ದೆವ್ವನ ಆಚೆ ಇಡಿ ಫಾದ್ರೇ. ಅನ್ನ ಆರೋಯ್ತು.'

ತೀರ್ಮಾನ: ಇವತ್ತಿನಿಂದ ಹೆಸರಿಲ್ಲದ ನಂಬರು ಎತ್ತುವುದಿಲ್ಲ. ಕಟ್. ಅಷ್ಟೇ.

ಜೂನ್ 17, ಮಂಗಳವಾರ. ಮಧ್ಯಾಹ್ನ

ಸಂಜೆ ನಾಗಭೂಷಣ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್. ಗಂಟಲು ಕಟ್ಟಿದೆ. ಬಿಸಿನೀರು, ಉಪ್ಪು. ಅಸಿಸ್ಟೆಂಟ್ ಫಾದರ್ ರಜೆ ಮೇಲೆ ಹೋಗಿದ್ದಾರೆ, ಮೂರು ದಿನದಿಂದ ಎರಡು ಪೂಜೆಯೂ ನನ್ನವೇ. ಮಲಗಿದರೆ ಸಾಕು ಅನ್ನಿಸುತ್ತಿದೆ. ಮಲಗುವ ಹಾಗಿಲ್ಲ.

ಜೂನ್ 18, ಬುಧವಾರ. ಬೆಳಿಗ್ಗೆ ಐದು ಇಪ್ಪತ್ತು

ಲೂರ್ದಮ್ಮ ಹೋದರು.

ಕ್ರಮವಾಗಿ ಬರೆಯಬೇಕು. ಇಲ್ಲದಿದ್ದರೆ ನಾಳೆ ನನಗೆ ಬೇಕಾದ ಹಾಗೆ ತಿರುಚಿ ನೆನಪಿಟ್ಟುಕೊಳ್ಳುತ್ತೇನೆ. ನನ್ನನ್ನು ನಾನು ಬಲ್ಲೆ.

ನಿನ್ನೆ ಸಂಜೆ ಆರಕ್ಕೆ ಸ್ಟುಡಿಯೋ. ನಾಗರಬಾವಿಯಲ್ಲಿ ನಾಗಭೂಷಣ್ ಮನೆ ಮೇಲಿನ ರೂಮು, ಗೋಡೆಗೆಲ್ಲ ಸ್ಪಂಜು ಬಡಿದಿದ್ದಾನೆ. ಫೋನನ್ನು ಸೈಲೆಂಟ್ ಮಾಡಿ ಹಾಡಿನ ಹಾಳೆ ಪಕ್ಕ ಸ್ಟ್ಯಾಂಡಿನ ಮೇಲೆ ಇಟ್ಟಿದ್ದೆ. ಎರಡನೇ ಚರಣ ಎರಡು ಸಲ ಕೆಟ್ಟಿತು. ಆರು ಮೂವತ್ತೆಂಟಕ್ಕೆ ಸ್ಕ್ರೀನ್ ಬೆಳಗಿತು. ಗೊತ್ತಿಲ್ಲದ ನಂಬರು. ಕಟ್ ಮಾಡಿದೆ. ಆರು ನಲವತ್ತೊಂದಕ್ಕೆ ಅದೇ ನಂಬರು. ಇನ್ನೊಂದು ರಾಕಿ ಇರಬೇಕು ಅಂದುಕೊಂಡು ಮತ್ತೆ ಕಟ್ ಮಾಡಿ, ಫೋನ್ ಬೋರಲು ಹಾಕಿದೆ.

ಏಳೂಮುಕ್ಕಾಲಿಗೆ ಕೆಳಗಿಳಿದು ಕಾಫಿ ಹೇಳಿದೆವು. ಫೋನ್ ನೋಡಿದರೆ ಜಸಿಂತಾಳ ಮೆಸೇಜ್. 'ಫಾದರ್, ಅಮ್ಮ ಏಳು ಗಂಟೆಗೆ ಹೋಗಿಬಿಟ್ರು.'

ಆ ನಂಬರು ಸತ್ಯವತಿಯವರದು. ಲೂರ್ದಮ್ಮನಿಗೆ ಉಸಿರು ಕಟ್ಟಿದಾಗ ಜಸಿಂತಾ ಸ್ಕೂಲ್ ಮೀಟಿಂಗ್ ಮುಗಿಸಿ ಇನ್ನೂ ಟ್ರಾಫಿಕ್‌ನಲ್ಲಿದ್ದಳು. ಸತ್ಯವತಿಯವರು ಗೋಡೆಯ ಮೇಲಿನ ಚರ್ಚ್ ಕ್ಯಾಲೆಂಡರಿನಲ್ಲಿ ನಂಬರು ನೋಡಿ ನನಗೆ ಫೋನ್ ಮಾಡಿದ್ದಾರೆ. ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡೋಕೆ ಫಾದರ್ ಬೇಕು, ಲೂರ್ದಮ್ಮ ಕೇಳ್ತಿದಾರೆ ಎಂದು ಹೇಳುವುದಕ್ಕೆ. ಸ್ಟುಡಿಯೋದಿಂದ ಅಲ್ಲಿಗೆ ಸ್ಕೂಟರಿನಲ್ಲಿ ಹತ್ತು ನಿಮಿಷ. ಎತ್ತಿದ್ದರೆ ಆರು ಐವತ್ತಕ್ಕೆ ಆ ಮಂಚದ ಪಕ್ಕ ಇರುತ್ತಿದ್ದೆ.

ನಾನು ಹೋದಾಗ ಎಂಟು. ಹಣೆ ತಣ್ಣಗಿತ್ತು. ಆ ಎಣ್ಣೆ, ಸಾಯುವ ಮುಂಚಿನ ಆ ಸಂಸ್ಕಾರ, ಬದುಕಿರುವವರಿಗೆ, ಹೋದವರಿಗಲ್ಲ. ಸದಾ ಜತೆಗಿರುವ ಎಣ್ಣೆ ಡಬ್ಬಿ ಜೇಬಿನಲ್ಲೇ ಉಳಿಯಿತು. ಪ್ರಾರ್ಥನೆ ಮಾತ್ರ ಮಾಡಿದೆ.

'ಯಾಕೆ ಫಾದರ್ ಎತ್ತಲಿಲ್ಲ?' ಜಸಿಂತಾಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸುಮ್ಮನೆ ಕೇಳಿದಳು.

'ರೆಕಾರ್ಡಿಂಗ್ ಟೈಮಲ್ಲಿ ಫೋನ್ ಆಫ್ ಇರುತ್ತಮ್ಮ.'

ಸತ್ಯವತಿಯವರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿದರು. ಜಸಿಂತಾಳೇ ಮುಂದುವರಿಸಿದಳು.

'ನಿಮ್ಮ ಆಡಿಯೋ ಹಾಕಿದೆ ಫಾದರ್. ಅಮ್ಮನ ಕಿವಿ ಹತ್ರ ಹಿಡ್ಕೊಂಡಿದ್ದೆ. ಸಮಾಧಾನವಾಗಿ ಕೇಳ್ತಾ ಹೋದ್ರು.'

ಕೊರೋನಾ ವರ್ಷ ಆಸ್ಪತ್ರೆಯೊಳಗೆ ನಮ್ಮನ್ನು ಬಿಡದಿದ್ದಾಗ ಮಾಡಿದ ಆಡಿಯೋ ಅದು. ರೋಗಿಗಳಿಗಾಗಿ ಪ್ರಾರ್ಥನೆ, ಹನ್ನೊಂದು ನಿಮಿಷ, ಹಿಂದೆ ನಾಗಭೂಷಣನ ಕೀಬೋರ್ಡ್. ಇನ್ನೂ ಚಾನೆಲ್‌ನಲ್ಲಿದೆ.

ಐದೂವರೆ. ಗಂಟೆ ಹೊಡೆಯಬೇಕು.

ಜೂನ್ 19, ಗುರುವಾರ

ಮಣ್ಣು ಮಾಡಿ ಬಂದೆವು. ಲೂರ್ದಮ್ಮನಿಗೆ ಇಷ್ಟವಾದ ಹಳೆಯ ಹಾಡುಗಳನ್ನೇ ಹಾಡಿಸಿದೆ. ನನ್ನದು ಒಂದೂ ಬೇಡ ಎಂದೆ.

ಸ್ಮಶಾನದ ಗೇಟಿನ ಹತ್ತಿರ ಜಸಿಂತಾ ಕೈ ಹಿಡಿದುಕೊಂಡಳು. 'ಆಡಿಯೋದಲ್ಲಿ ನೀವೇ ಪ್ರಾರ್ಥನೆ ಮಾಡಿದೀರಲ್ಲ ಫಾದರ್. ಅಮ್ಮನಿಗೆ ಸಂಸ್ಕಾರ ಸಿಕ್ಕಂಗೇ ಅಲ್ವಾ?'

ಸಿಗಲಿಲ್ಲ. ಸಂಸ್ಕಾರಕ್ಕೆ ಕೈ ಬೇಕು, ಎಣ್ಣೆ ಬೇಕು, ಗುರು ಅಲ್ಲಿ ನಿಂತಿರಬೇಕು. ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಪಾಠ ಮಾಡುವವನೇ ನಾನು. ಅವಳಿಗೆ ಹೇಳಿದ್ದು: 'ದೇವರು ದೊಡ್ಡವನಮ್ಮ.'

ಥೂ. ಮೂವತ್ತು ವರ್ಷ ಗುರುವಾಗಿ ಕಲಿತದ್ದು ಇದೇ — ಉತ್ತರ ಕೊಡದೆ ಉತ್ತರ ಕೊಟ್ಟ ಹಾಗೆ ಮಾಡುವುದು.

ಜೂನ್ 24, ಮಂಗಳವಾರ

ಜಸಿಂತಾ ವಿಡಿಯೋ ಹಾಕಿದ್ದಾಳೆ. ಮಂಚ, ಗೋಡೆಯ ಶಿಲುಬೆ, ಅಮ್ಮನ ಫೋಟೋ. 'ಇನ್ನಾಸಪ್ಪ ಫಾದರ್ ದನಿ ಕೇಳ್ತಾ ನಮ್ಮಮ್ಮ ಶಾಂತಿಯಿಂದ ಹೋದ್ರು. ಫಾದರ್ ಇಲ್ಲದಿದ್ರೂ ಇದ್ದಂಗೇ ಇತ್ತು.' ಹಿನ್ನೆಲೆಯಲ್ಲಿ ನನ್ನ ಆಡಿಯೋ.

ನಾಗಭೂಷಣ್ ಫೋನಿನಲ್ಲಿ ಕುಣಿಯುತ್ತಿದ್ದ. 'ಫಾದ್ರೇ, ನಾಲ್ಕು ಲಕ್ಷ ವ್ಯೂಸ್! ಆ ಹಳೇ ಆಡಿಯೋನ ಹೊಸ ಮ್ಯೂಸಿಕ್ ಹಾಕಿ ಬಿಡೋಣ ಗುರುವೇ, ಎಲ್ರೂ ಕೇಳ್ತಾವ್ರೆ.'

ತಲೆನೋವು ಎಂದು ಇಟ್ಟುಬಿಟ್ಟೆ. ಸುಳ್ಳೇನಲ್ಲ.

ಜುಲೈ 11, ಶುಕ್ರವಾರ

ಎರಡು ವಾರದ ಮೇಲಾಯಿತು ಬರೆದು. ಕಳೆದ ಶುಕ್ರವಾರ ಪ್ರಸಾದ ಕೊಡಲು ಅಸಿಸ್ಟೆಂಟನ್ನೇ ಕಳಿಸಿದೆ. ಜ್ವರ ಅಂದೆ. ಚಂದ್ರಾ ಲೇಔಟಿನ ಆ ರಸ್ತೆಗೆ ತಿರುಗುವುದಕ್ಕೆ ಆಗಲಿಲ್ಲ.

ಈಗ ಎಲ್ಲ ನಂಬರೂ ಎತ್ತುತ್ತೇನೆ. ಹುಟ್ಟುಹಬ್ಬ, ಅಂಗಡಿ, ಎಲ್ಲ. ಇವತ್ತು ಬೆಳಿಗ್ಗೆ ಕೆಂಗೇರಿಯಿಂದ ಒಬ್ಬರು. ತುಂಬ ವಿನಯ.

'ಥ್ಯಾಂಕ್ಸ್ ಹೇಳೋಣ ಅಂತ ಮಾಡ್ದೆ ಫಾದರ್. ಸೋಮವಾರ ನಮ್ಮ ತಂದೆ ತೀರ್ಕೊಂಡ್ರು. ನಿಮ್ಮ ಆಡಿಯೋ ಹಾಕಿದ್ವಿ.'

'ನಿಮ್ಮ ಚರ್ಚಿನ ಫಾದರ್ ಬಂದಿದ್ರಾ?'

'ಕರೀಲಿಲ್ಲ ಫಾದರ್. ಪಾಪ, ಅವರಿಗೂ ಯಾಕೆ ತೊಂದರೆ. ಆ ಚಂದ್ರಾ ಲೇಔಟ್ ಅಮ್ಮನ ವಿಡಿಯೋ ನೋಡಿದ್ವಲ್ಲ... ಇಷ್ಟು ಸಾಕು ಅಂದ್ಕೊಂಡ್ವಿ.'

ಅವರ ತಂದೆಗೆ ಪ್ರಜ್ಞೆ ಇತ್ತಂತೆ. ಎರಡು ದಿನ ಇತ್ತಂತೆ. ಚರ್ಚು ಹಿಂದಿನ ರಸ್ತೆಯಲ್ಲೇ ಇದೆಯಂತೆ.

ತಂದೆಯ ಆತ್ಮಕ್ಕೆ ಶಾಂತಿ ಸಿಗಲಿ ಎಂದೆ. ನಾನು ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ ಬೇರೆ ಯಾರದೋ ಅಪ್ಪ ಬರಿಗೈಯಲ್ಲಿ ಹೋದ.

ಜುಲೈ 13, ಭಾನುವಾರ

ಆಡಿಯೋ ತೆಗೆಯಬೇಕು ಎಂದು ನಾಗಭೂಷಣ್‌ಗೆ ಹೇಳಿದೆ. ತೆಗೆದು, ಇದು ಸಂಸ್ಕಾರ ಅಲ್ಲ, ರೋಗಿಗಳಿದ್ದರೆ ಫಾದರನ್ನೇ ಕರೆಯಿರಿ ಎಂದು ಒಂದು ವಿಡಿಯೋ ಹಾಕಬೇಕು.

ಅವನು ಹಣೆಗೆ ವಿಭೂತಿ ಇಟ್ಟುಕೊಂಡೇ ಮೈಕ್ ಮುಂದೆ ಕೂರುವವನು. ನನ್ನ ಎಣ್ಣೆ ಅವನಿಗೇನು ಗೊತ್ತು? ಆದರೂ ಕೂತು ಪೂರ್ತಿ ಕೇಳಿದ.

'ಸರಿ ಫಾದ್ರೇ, ನೀವು ಹೇಳಿದ್ಮೇಲೆ ಮುಗೀತು. ಆದ್ರೆ ಅದನ್ನ ಜಸಿಂತಾ ಮೇಡಂ ಮೊದ್ಲು ವಿಡಿಯೋದಲ್ಲಿ ನೋಡಿದ್ರೆ? ಅವರಮ್ಮಂಗೆ ಏನೂ ಸಿಗ್ಲಿಲ್ಲ ಅಂತ ಯೂಟ್ಯೂಬ್ ನೋಡಿ ತಿಳ್ಕೋಬೇಕಾ?'

ಹೌದು. ಮೊದಲು ಅವಳ ಮುಂದೆ ಹೇಳಬೇಕು. ಎರಡನ್ನೂ. ಅಮ್ಮನಿಗೆ ಸಂಸ್ಕಾರ ಸಿಗಲಿಲ್ಲ ಎಂಬುದು, ಸಿಗದಿದ್ದದ್ದು ನಾನು ಕಟ್ ಮಾಡಿದ್ದಕ್ಕೆ ಎಂಬುದು.

ಗುರುವಾರ ಲೂರ್ದಮ್ಮನ ಮೂವತ್ತನೇ ದಿನದ ಪೂಜೆ. ಅದಕ್ಕೆ ಮುಂಚೆ.

ಜುಲೈ 16, ಬುಧವಾರ. ಸಂಜೆ

ಹೋದೆ. ಹೇಳಲಿಲ್ಲ.

ನಾಲ್ಕೂವರೆಗೆ ಹೋಗಿ ಕೂತೆ. ಜಸಿಂತಾ ಸ್ಕೂಲಿನಿಂದ ಆಗ ತಾನೆ ಬಂದಿದ್ದಳು. ಇಳಿದುಹೋಗಿದ್ದಾಳೆ. ಸತ್ಯವತಿಯವರು ಚಕ್ಕುಲಿ ತಂದಿಟ್ಟರು. ಒಂದು ತಿಂದೆ. ಹೇಳೋಣ ಎಂದು ಬಾಯಿ ತೆರೆದರೆ ಅವಳೇ ಶುರು ಮಾಡಿದಳು.

'ನಿದ್ದೆ ಬರದಿದ್ರೆ ಆ ವಿಡಿಯೋ ಕಾಮೆಂಟ್ಸ್ ಓದ್ತೀನಿ ಫಾದರ್. ನಿಮ್ಮಮ್ಮ ಪುಣ್ಯವಂತೆ, ಒಳ್ಳೇ ಸಾವು ಅಂತ ಎಲ್ರೂ ಹಾಕಿದಾರೆ. ಅದೊಂದೇ ಸಮಾಧಾನ ನೋಡಿ ನಂಗೆ ಈಗ.'

ಇನ್ನೊಂದು ಚಕ್ಕುಲಿ ತಿಂದೆ. ನಾಳೆ ಪೂಜೆ ಆರೂವರೆಗೆ ಎಂದು ಹೇಳಿ ಎದ್ದೆ. ಹೇಡಿ. ಸಾವಿರ ಜನರ ಮುಂದೆ ಮೈಕ್ ಹಿಡಿಯುತ್ತಾನೆ, ಒಬ್ಬಳ ಮುಂದೆ ನಾಲಿಗೆ ಏಳುವುದಿಲ್ಲ.

ಸತ್ಯವತಿಯವರು ಗೇಟಿನವರೆಗೂ ಬಂದರು. ಚಿಲಕ ಹಾಕುವ ಹಾಗೆ ನಿಂತು ಮೆಲ್ಲಗೆ ಹೇಳಿದರು. 'ಅವತ್ತು ಫೋನ್ ಆಫ್ ಇರ್ಲಿಲ್ಲ ಸಾರ್. ರಿಂಗ್ ಆಯ್ತು, ನೀವು ಕಟ್ ಮಾಡಿದ್ರಿ. ಎರಡು ಸಲ.'

ನಾನು ಜೇಬಿನಲ್ಲಿ ಸ್ಕೂಟರಿನ ಕೀ ಹುಡುಕಿದೆ.

'ಅವಳ ಹತ್ರ ನಾನು ಆಡಿಲ್ಲ. ಆಡೋದೂ ಇಲ್ಲ. ಆಡಬೇಕಾದವರು ನಾನಲ್ಲ ನೋಡಿ.'

ಬೈದಿದ್ದರೆ ವಾಸಿ ಇತ್ತು.

ಜುಲೈ 17, ಗುರುವಾರ. ಬೆಳಿಗ್ಗೆ ಹತ್ತು

ಹೇಳಿದೆ.

ಪೂಜೆಗೆ ಹನ್ನೆರಡು ಜನ ಇದ್ದರು. ಸತ್ಯವತಿಯವರು ಕೊನೆಯ ಬೆಂಚಿನಲ್ಲಿ. ಮುಗಿದ ಮೇಲೆ ಜಸಿಂತಾಳನ್ನು ಒಳಗಿನ ಕೋಣೆಗೆ ಕರೆದೆ. ಪೂಜೆಯ ಬಟ್ಟೆ ಬಿಚ್ಚಿಟ್ಟು, ಕೂರಮ್ಮ ಎಂದೆ. ಅವಳು ಕೂರಲಿಲ್ಲ.

ಒಂದೇ ಉಸಿರಿನಲ್ಲಿ ಹೇಳಿದೆ. ಎರಡು ಕರೆ ಬಂತು. ನೋಡಿದೆ. ನೋಡಿಯೇ ಕಟ್ ಮಾಡಿದೆ. ಆಫ್ ಇತ್ತು ಎಂದದ್ದು ಸುಳ್ಳು. ಆಡಿಯೋ ಬರೀ ಪ್ರಾರ್ಥನೆ, ಅದು ಸಂಸ್ಕಾರ ಆಗುವುದಿಲ್ಲ. ಅಮ್ಮ ಸಂಸ್ಕಾರ ಬೇಕೆಂದು ಕೇಳಿದ್ದರು, ಆ ಆಸೆಯನ್ನು ದೇವರು ತಳ್ಳುವುದಿಲ್ಲ, ಇದನ್ನು ಮನಸಾರೆ ನಂಬುತ್ತೇನೆ. ಆದರೆ ಕೊಡಬೇಕಾದ್ದನ್ನು ನಾನು ಕೊಡಲಿಲ್ಲ. ತಪ್ಪಾಯಿತು ಜಸಿಂತಾ.

ಅಳುತ್ತಾಳೆ, ಕೂಗುತ್ತಾಳೆ ಎಂದುಕೊಂಡಿದ್ದೆ. ಸೀರೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

'ನಾನೂ ಸುಳ್ಳು ಹೇಳಿದೀನಿ ಫಾದರ್.'

'ಏನಮ್ಮ?'

'ಸಮಾಧಾನವಾಗಿ ಹೋದ್ರು ಅಂದ್ನಲ್ಲ. ಇಲ್ಲ. ಆಡಿಯೋ ಹಾಕಿ ಕಿವಿ ಹತ್ರ ಇಟ್ರೆ ಅಮ್ಮ ತಲೆ ಆ ಕಡೆ ತಿರುಗಿಸಿಬಿಟ್ರು. ಇದು ಟೇಪು ಕಣೇ, ಆರಿಸು, ಫಾದರ್ ಎಲ್ಲಿ ಅಂದ್ರು. ಬರ್ತಿದಾರೆ ಅಮ್ಮ, ಸ್ಕೂಟರ್ ನಿಲ್ಲಿಸ್ತಿದಾರೆ ಅಂದೆ. ಮತ್ತೆ ಫಾದರ್ ಎಲ್ಲಿ ಅಂದ್ರು. ಬಂದ್ರು, ಗೇಟ್ ತೆಗೀತಿದಾರೆ ಅಂದೆ. ಆಮೇಲೆ ಕೇಳಲಿಲ್ಲ. ಬಾಗಿಲನ್ನೇ ನೋಡ್ತಿದ್ರು. ನೋಡ್ತಾ ನೋಡ್ತಾನೇ...'

ಅಷ್ಟು ಹೇಳಿ ಅವಳು ಹೋದಳು. ಹೋಗುವಾಗ ಎಂದಿನ ಹಾಗೆ 'ಬರ್ತೀನಿ ಫಾದರ್' ಅಂದಳು.

ಜಸಿಂತಾ ಮನೆ ಸೇರಿದ್ದು ಆರು ಐವತ್ತಕ್ಕೆ. ಲೂರ್ದಮ್ಮ ಹೋದದ್ದು ಏಳಕ್ಕೆ. ಹತ್ತು ನಿಮಿಷ ಬಾಗಿಲು ನೋಡಿದ್ದಾರೆ. ಆಗ ಎರಡನೇ ಚರಣ ಸರಿಯಾಗಿ ಬಂದಿತ್ತು. ನಾಗಭೂಷಣ್ ಪ್ಲೇ ಮಾಡಿದ. ನಾನು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು, ನನ್ನದೇ ದನಿಯನ್ನು ಕೇಳುತ್ತಿದ್ದೆ.