ಫಿನ್ಲೇ ತಿಂದ ಬಾಣಂತಿ ಲೇಹ್ಯ

ಮೊಹಮ್ಮದ್ ಬಿನ್ ಜಾಯೆದ್ ಸಿಟಿ,
ಅಬುಧಾಬಿ
11 ಫೆಬ್ರವರಿ 2025, ಮಂಗಳವಾರ

ಪ್ರೀತಿಯ ಉಮ್ಮನಿಗೆ ಅಸ್ಸಲಾಮು ಅಲೈಕುಂ.

ದಿನಾ ಫೋನು ಮಾಡುವವಳು ಈಗ ಯಾಕೆ ಕಾಗದ ಬರೆದಳು ಅಂತ ಗಾಬರಿಯಾಗಬೇಡಿ. ಫೋನು ಎತ್ತಿದ ಕೂಡಲೇ ನೀವು ಸ್ಪೀಕರ್ ಒತ್ತುತ್ತೀರಿ, ಅತ್ತಿಗೆ ಮುಹ್ಸಿನಾಳ ಕಿವಿ ಅಲ್ಲೇ ಇರುತ್ತದೆ, ಸಂಜೆಯೊಳಗೆ ಇಡೀ ಉಳ್ಳಾಲಕ್ಕೆ ಸುದ್ದಿ. ಇದು ನಮ್ಮಿಬ್ಬರಲ್ಲೇ ಇರಬೇಕಾದ ಮಾತು. ಇಲ್ಲೇ ಕೆಲಸದಲ್ಲಿರುವ ನಮ್ಮೂರಿನ ಬದ್ರುದ್ದೀನ್ ಗುರುವಾರ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಕನ್ನಡಕ ಹಾಕಿಕೊಂಡು, ಬಾಗಿಲು ಹಾಕಿ, ಒಬ್ಬರೇ ಓದಿ.

ನಮ್ಮ ವಿಲ್ಲಾದ ಮಹಡಿಯಲ್ಲಿರುವ ಹುಡುಗ ಫಿನ್ಲೇಯ ವಿಷಯ. ವಿಡಿಯೊದಲ್ಲಿ ನೋಡಿ, ಇವನೆಂತ ಮಾರಾಯ್ತಿ ಬೇಯಿಸಿದ ಸಿಗಡಿ ಹಾಗೆ ಕೆಂಪಗಿದ್ದಾನೆ ಅಂತ ನಕ್ಕಿದ್ದಿರಲ್ಲ, ಅವನೇ. ಸ್ಕಾಟ್ಲೆಂಡಿನವನು, ಇಪ್ಪತ್ತು ವರ್ಷ. ನಿಮ್ಮ ಅಳಿಯ ಫೈಝಲ್ ಜೆರ್ಸಿ, ಬೂಟು ನೋಡಿಕೊಳ್ಳುವ ಫುಟ್‌ಬಾಲ್ ಕ್ಲಬ್ಬಿಗೇ ಆಡಲು ಬಂದಿದ್ದಾನೆ. ಮಹಡಿಯನ್ನು ಕ್ಲಬ್ಬಿನವರೇ ಬಾಡಿಗೆಗೆ ಹಿಡಿದು ಅವನನ್ನು ಇಟ್ಟಿದ್ದಾರೆ.

ಅವನ ಅಪ್ಪ ಮೀನಿನ ಬೋಟಿನಲ್ಲಿ ದುಡಿಯುವವರು. ಒಂಬತ್ತು ವರ್ಷದವನಿದ್ದಾಗಲೇ ಅಲ್ಲಿಯ ದೊಡ್ಡ ಕ್ಲಬ್ಬೊಂದು ಅವನನ್ನು ಆರಿಸಿಕೊಂಡಿತಂತೆ. ಅವನ ಅಜ್ಜ ಚಳಿಯಲ್ಲಿ ಕಾರು ಓಡಿಸಿಕೊಂಡು ಹೋಗಿ ಬಿಟ್ಟು, ಹೊರಗೆ ಕಾದು, ಕರೆದುಕೊಂಡು ಬರುತ್ತಿದ್ದರಂತೆ. ಹದಿನಾರಕ್ಕೆ ಶಾಲೆ ಬಿಟ್ಟ. ಹದಿನೆಂಟಕ್ಕೆ ದೊಡ್ಡವರ ತಂಡದಲ್ಲಿ ಮೊದಲ ಆಟ. ಆಟ ಅಂದರೆ ಕೊನೆಯ ಕೆಲವೇ ನಿಮಿಷ, ಚೆಂಡು ಒಂದೇ ಸಲ ಕಾಲಿಗೆ ಸಿಕ್ಕಿತ್ತು. ಆ ಒಂದು ಸಲವನ್ನು ನಮ್ಮ ಮಗಳು ಆಮಿರಾಳಿಗೆ ನೂರು ಸಲ ವರ್ಣಿಸಿದ್ದಾನೆ, ಪ್ರತಿ ಸಲವೂ ಅದು ಇನ್ನಷ್ಟು ಚಂದವಾಗುತ್ತದೆ. ಆಮೇಲೆ ಹೊಸ ಕೋಚ್ ಬಂದರು, ನೀನು ಬೇಡ ಅಂದರು. ಹುಡುಗ ಹತ್ತಾರು ಕಡೆ ಕೇಳಿ, ಕೊನೆಗೆ ಇಲ್ಲಿ ಒಂದು ವರ್ಷದ ಒಪ್ಪಂದ ಸಿಕ್ಕಿತು ಅಂತ ಈ ಸೆಖೆಗೆ ಬಂದು ಬಿದ್ದ. ಇಲ್ಲಿ ಚೆನ್ನಾಗಿ ಆಡಿದರೆ ಊರಿನ ಕ್ಲಬ್ಬುಗಳು ಮತ್ತೆ ಕರೆಯುತ್ತವೆ ಅನ್ನುವ ಆಸೆ.

ಅವನು ಬಂದದ್ದು ಸೆಪ್ಟೆಂಬರಿನಲ್ಲಿ. ಆಗ ನಾನು ಯಾವ ಸ್ಥಿತಿಯಲ್ಲಿದ್ದೆ ಅಂತ ನಿಮಗೆ ಗೊತ್ತು. ಮಗುವನ್ನು ಬನಿಯಾಸಿನ ಖಬರಸ್ತಾನಕ್ಕೆ ಕೊಂಡುಹೋಗಿ ತಿಂಗಳಾಗಿರಲಿಲ್ಲ. ಎದೆಯಲ್ಲಿ ಹಾಲು ಇನ್ನೂ ಪೂರ್ತಿ ನಿಂತಿರಲಿಲ್ಲ. ಅಡುಗೆ ಮಾಡಿದರೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಒಂದು ದಿನ ಫೈಝಲ್ ಈ ಹುಡುಗನನ್ನು ಕೆಳಗೆ ಕರೆತಂದು, ಪಾಪ, ದಿನಾ ಬ್ರೆಡ್ಡು ತಿಂತಾನೆ ಅಂದರು. ಮೀನುಸಾರು ಅನ್ನ ಬಡಿಸಿದೆ. ಖಾರಕ್ಕೆ ಕಣ್ಣು ಮೂಗೆಲ್ಲ ನೀರು, ಆದರೂ ತಟ್ಟೆ ನೆಕ್ಕಿಬಿಟ್ಟ. ಆ ದಿನ ನಾನು ಹೆರಿಗೆಯಾದ ಮೇಲೆ ಮೊದಲ ಸಲ ನಕ್ಕಿದ್ದೆ ಉಮ್ಮಾ. ಒಮ್ಮೆ ಅಲ್ ಮೀನಾದ ಮೀನು ಮಾರ್ಕೆಟಿಗೆ ನಮ್ಮ ಜೊತೆ ಬಂದವನು ಬಾಗಿಲಲ್ಲೇ ಕಣ್ಣು ಮುಚ್ಚಿ ನಿಂತುಬಿಟ್ಟ. ಅಪ್ಪನ ಅಂಗಿಯ ವಾಸನೆ ಅಂದ. ಅವನ ಅಮ್ಮ ಆಗಾಗ ವಿಡಿಯೊದಲ್ಲಿ ಬರುತ್ತಾರೆ. ಅವರ ಇಂಗ್ಲಿಷು ನನಗೆ ತಿಳಿಯುವುದಿಲ್ಲ, ನನ್ನದು ಅವರಿಗೆ. ಮಗ ಸರಿಯಾಗಿ ತಿನ್ನುತ್ತಾನಾ ಅಂತ ಕೇಳಿದ್ದು ಮಾತ್ರ ತಿಳಿಯಿತು. ನಾನಿದ್ದೇನಲ್ಲ ಅಂದೆ.

ನವೆಂಬರಿನಲ್ಲಿ ಅವನಿಗೆ ತೊಡೆಯ ಹಿಂದಿನ ಸ್ನಾಯು ಹರಿಯಿತು. ಕುಂಟುತ್ತಾ ಮೆಟ್ಟಿಲು ಹತ್ತುವುದನ್ನು ನೋಡಲಾಗುತ್ತಿರಲಿಲ್ಲ. ಜನವರಿಯೊಳಗೆ ಮೈದಾನಕ್ಕೆ ಬರದಿದ್ದರೆ ಖಲಾಸ್, ಒಪ್ಪಂದ ಮುಗಿದ ಹಾಗೆ ಅಂತ ಮ್ಯಾನೇಜರು ಹೇಳಿದ್ದರಂತೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ನೀವು ಕಳಿಸಿದ ಬಾಣಂತಿ ಲೇಹ್ಯ. ನೀವು ಎಷ್ಟು ಆಸೆಯಿಂದ ಬೆಲ್ಲ, ತುಪ್ಪ, ಮೆಂತೆ ಹಾಕಿ ಕಾಯಿಸಿ, ಎರಡು ಬಾಟಲಿ ತುಂಬಿಸಿ ಕೊಟ್ಟಿದ್ದಿರಿ. ಅದು ಬಂದು ತಲುಪುವಾಗ ಮಗುವೇ ಇರಲಿಲ್ಲ. ಮುಚ್ಚಳ ತೆಗೆಯಲೂ ನನ್ನಿಂದ ಆಗಿರಲಿಲ್ಲ.

ಕೊಟ್ಟೆ. ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ. ಅವನು ಮೊದಲು ಅನುಮಾನಿಸಿದ. ಕೆಮ್ಮಿನ ಸಿರಪ್ ಕುಡಿಯಬೇಕಾದರೂ ಕ್ಲಬ್ಬಿನ ಡಾಕ್ಟರನ್ನು ಕೇಳಬೇಕು ಅಂದ. ಇದು ಮದ್ದಲ್ಲ ಮಗಾ, ನನ್ನ ಉಮ್ಮ ಮಾಡಿದ್ದು ಅಂದೆ. ನಮಗೆ ಹಾಗೇ ಅಲ್ಲವಾ ಉಮ್ಮಾ? ಲೇಹ್ಯವನ್ನು ನಾವು ಯಾವತ್ತು ಮದ್ದು ಅಂತ ಎಣಿಸಿದ್ದೇವೆ? ಆಮೇಲೆ ಅವನೇ ಅದಕ್ಕೆ ಕರಿ ಜಾಮ್ ಅಂತ ಹೆಸರಿಟ್ಟು ಚಪಾತಿಗೆ ಸವರಿ ತಿನ್ನತೊಡಗಿದ. ಕಾಲು ವಾಸಿಯಾಯಿತು. ಜನವರಿಯಲ್ಲಿ ಎರಡು ಗೋಲು ಹೊಡೆದ. ಎರಡನೆಯದಾದ ಮೇಲೆ ನಾವು ಕೂತ ಕಡೆಗೆ ತಿರುಗಿ, ಚಮಚದಲ್ಲಿ ತಿನ್ನುವ ಹಾಗೆ ಕೈ ಮಾಡಿ ತೋರಿಸಿದ. ಆಮಿರಾ ಕುಣಿದಳು. ನಾನು ಅತ್ತುಬಿಟ್ಟೆ.

ಆಟ ಮುಗಿದ ಮೇಲೆ ಅವನ ಮೂತ್ರ ತೆಗೆದುಕೊಂಡು ಹೋದರು. ಆಟಗಾರರಿಗೆ ಅದು ಮಾಮೂಲಿಯಂತೆ. ಕಳೆದ ವಾರ ಉತ್ತರ ಬಂತು. ಮೈಗೆ ಬಲ ಬರಲು ಕಳ್ಳತನದಲ್ಲಿ ತಿನ್ನುವ ಸ್ಟೆರಾಯ್ಡ್ ಅವನ ಮೂತ್ರದಲ್ಲಿ ಸಿಕ್ಕಿದೆ. ಏನು ತಿಂದೆ, ಯಾರು ಕೊಟ್ಟರು ಅಂತ ಬರುವ ಸೋಮವಾರದೊಳಗೆ ಹೇಳಿ ತೋರಿಸದಿದ್ದರೆ ನಾಲ್ಕು ವರ್ಷ ಎಲ್ಲಿಯೂ ಆಡುವ ಹಾಗಿಲ್ಲ. ಗೊತ್ತಿಲ್ಲದೆ ತಿಂದದ್ದು ಅಂತ ಸಾಬೀತಾದರೆ ಶಿಕ್ಷೆ ತುಂಬ ಕಡಿಮೆಯಾಗುತ್ತದಂತೆ.

ಉಮ್ಮಾ, ಬೈಯಲು ಬರೆಯುತ್ತಿಲ್ಲ, ಅಲ್ಲಾಹನಾಣೆ. ಆದರೆ ಬಾಟಲಿ ಕಳಿಸಿದಾಗ ನೀವೇ ಹೇಳಿದ್ದು ನೆನಪಿದೆಯಾ? ಮಗಳ ಮೈಯಲ್ಲಿ ರಕ್ತವೇ ಇಲ್ಲ ಅಂತ ಸಂತೆಯಲ್ಲಿ ಕೂರುವ ಮದ್ದಿನವನ ಹತ್ತಿರ ಬಿಳಿ ಪುಡಿ ತಂದು ಬೆರೆಸಿದ್ದೇನೆ, ತಿಂದರೆ ಕುದುರೆ ಹಾಗೆ ಆಗ್ತಿ ಅಂದಿದ್ದಿರಿ. ಆ ಪುಡಿ ಉಳಿದಿದ್ದರೆ ಅತ್ತಿಗೆಯ ಮಕ್ಕಳಿಗೆ ಒಂದು ಚಿಟಿಕೆಯೂ ಕೊಡಬೇಡಿ. ಕಟ್ಟಿ ಮೇಲೆ ಇಡಿ.

ಫಿನ್ಲೇಗೆ ಎಲ್ಲವೂ ಗೊತ್ತಾಗಿದೆ. ನಾನೇ ಹೋಗಿ ಹೇಳಿದೆ. ಅವನು ಮೊದಲು ಫೈಝಲ್‌ಗೆ ಏನಾಗುತ್ತದೆ ಅಂತ ಕೇಳಿದ. ಏನಾಗುತ್ತದೆ? ಕ್ಲಬ್ಬಿನ ಕೆಲಸಗಾರನ ಮನೆಯಿಂದಲೇ ಆಟಗಾರನಿಗೆ ಇಂಥದ್ದು ಹೋಗಿದೆ ಅಂದರೆ ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ, ಆಮಿರಾಳ ಶಾಲೆ ಹೋಗುತ್ತದೆ. ಅವನಿಗೂ ಅದು ತಿಳಿದಿತ್ತು, ನನ್ನ ಬಾಯಿಂದ ಕೇಳಬೇಕಿತ್ತು ಅಷ್ಟೆ. ಮರುದಿನ ವಿಚಾರಣೆಯಲ್ಲಿ, ಹೇಗೆ ಬಂತೋ ಗೊತ್ತಿಲ್ಲ ಅಂತ ಹೇಳಿ ಬಂದ. ಅಮ್ಮನ ಫೋನನ್ನೂ ಎತ್ತುತ್ತಿಲ್ಲ. ಅವನ ಊರಿನ ಪೇಪರಿನಲ್ಲಿ ಅವನನ್ನು ಮೋಸಗಾರ ಅಂತ ಬರೆದಿದ್ದಾರಂತೆ. ಅಜ್ಜ ಪೇಪರು ಹಿಡಿದುಕೊಂಡು ಇದು ಸುಳ್ಳು ಅಂತ ಅವರಿವರ ಮನೆಗೆ ತಿರುಗುತ್ತಿದ್ದಾರಂತೆ.

ಫೈಝಲ್ ಕೆಟ್ಟವರಲ್ಲ ಉಮ್ಮಾ, ಹೆದರಿದ್ದಾರೆ. ಅವನಿಗೆ ಹೋಗಲು ಊರಿದೆ, ನಮಗೆ ಈ ವೀಸಾ ಬಿಟ್ಟರೆ ಎಂತ ಉಂಟು ಅಂದರು. ತೆರೆಯದ ಇನ್ನೊಂದು ಬಾಟಲಿಯನ್ನು ಈಗಲೇ ಬಿಸಾಡಿಬಿಡು ಅಂದರು. ಹೂಂ ಅಂದೆ. ಅಷ್ಟು ಹೇಳಿದವರೇ ಆಮೇಲೆ ಆ ಹುಡುಗನ ಜೆರ್ಸಿ ಮಡಚುತ್ತಾ ಬಿಕ್ಕಿ ಬಿಕ್ಕಿ ಅತ್ತರು. ಶುಕ್ರವಾರ ಎಂದಿನಂತೆ ಬನಿಯಾಸಿಗೆ, ಮಗುವಿನ ಹತ್ತಿರ ಹೋದೆವು. ಅವರು ಒಳಗೆ ಹೋಗುತ್ತಾರೆ, ನಾನು ಕಾರಿನಲ್ಲೇ ಕೂತು ದುಆ ಮಾಡುತ್ತೇನೆ. ಈ ಸಲ ದುಆ ಬಾಯಿಗೆ ಬರಲಿಲ್ಲ. ನನ್ನ ಮಗುವಿಗೆ ಹಾಲಾಗಬೇಕಿದ್ದದ್ದನ್ನು ಇನ್ನೊಬ್ಬಳ ಮಗನಿಗೆ ತಿನ್ನಿಸಿ, ಅವನ ಬಾಳು ಹಾಳು ಮಾಡಿದೆನಲ್ಲ ಅನ್ನುವುದೊಂದೇ ತಲೆಯಲ್ಲಿತ್ತು.

ರಂಝಾನ್ ಹತ್ತಿರ ಬಂತು. ಉಪ್ಪನಿಗೆ ನನ್ನ ಸಲಾಂ ಹೇಳಿ, ಈ ಕಾಗದದ ವಿಷಯ ಹೇಳಬೇಡಿ. ನಿಮ್ಮ ಮಂಡಿ ನೋವಿಗೆ ಮುಲಾಮು ಕಳಿಸಿದ್ದೇನೆ. ನೀವು ಕೊರಗಬೇಡಿ. ನೀವು ಪ್ರೀತಿಯಿಂದ ಮಾಡಿದಿರಿ, ನಾನು ಪ್ರೀತಿಯಿಂದ ಕೊಟ್ಟೆ.

ನಿಮ್ಮ ಮಗಳು,
ಝುಲೈಖ

ಮತ್ತೆ: ಬುಧವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮುಂಚೆ ಇಷ್ಟು ಬರೆಯುತ್ತೇನೆ. ಆ ಬಾಟಲಿಯನ್ನು ನಾನು ಬಿಸಾಡಲಿಲ್ಲ. ಫ್ರೀಜರಿನಲ್ಲಿ ಸಿಗಡಿ ಪೊಟ್ಟಣದ ಹಿಂದೆ ಇಟ್ಟಿದ್ದೆ. ಫೈಝಲ್‌ಗೆ ಈಗ ತಾನೇ ಹೇಳಿದೆ. ಬೈಯಲಿಲ್ಲ, ಕಾರಿನ ಕೀ ತೆಗೆದುಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಬಾಟಲಿ ಹಿಡಿದುಕೊಂಡು ನೇರ ಕ್ಲಬ್ಬಿನ ಡಾಕ್ಟರ ಹತ್ತಿರ ಹೋಗುತ್ತೇವೆ. ಯಾರು ಮಾಡಿದ್ದು ಅಂತ ಕೇಳಿದರೆ ನಾನೇ ಅನ್ನುತ್ತೇನೆ, ನಿಮ್ಮ ಹೆಸರು ಬರುವುದಿಲ್ಲ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅತ್ತಿಗೆ ಅಕ್ಕಿ ಚೀಲ ಪೇರಿಸಿದ್ದಾಳಲ್ಲ, ಅದನ್ನು ತೆಗೆಸಿ ಗುಡಿಸಿಡಿ. ಊರಿಗೆ ಬರುವುದು ನಾವು ಮೂವರೇ ಉಮ್ಮಾ. ಚಿಕ್ಕವನನ್ನು ಬನಿಯಾಸಿನಲ್ಲೇ ಬಿಟ್ಟು ಬರಬೇಕು.